ಸ್ಕ್ಯಾನಿನ ದಿನ: ರೋಗಿಯ ದೃಷ್ಟಿಯಲ್ಲಿ

ಕ್ಯಾನ್ಸರ್ ರೋಗಿಗೆ ಪೆಟ್-ಸಿಟಿ ಸ್ಕ್ಯಾನಿನ ದಿನವು ಉಪವಾಸದಿಂದಲೇ ಆರಂಭವಾಗುತ್ತದೆ. ಪರೀಕ್ಷೆಗೆ ಸುಮಾರು 6 ಗಂಟೆ ಮೊದಲಿನಿಂದ ನೀರಿನ ಹೊರತು ಬೇರೇನನ್ನೂ ಸೇವಿಸುವಂತಿಲ್ಲ. ರಕ್ತದ ಸಕ್ಕರೆಯ ಪ್ರಮಾಣವನ್ನು ನೋಡಿದ ಬಳಿಕ, ಅಲ್ಪ ವಿಕಿರಣವುಳ್ಳ ಒಂದು ಬಗೆಯ ಸಕ್ಕರೆಯನ್ನು ಚುಚ್ಚುಮದ್ದಿನ ಮೂಲಕ ರಕ್ತನಾಳಕ್ಕೆ ಸೇರಿಸುತ್ತಾರೆ. ಅನಂತರ ಸುಮಾರು ಒಂದು ಗಂಟೆ ಮಾತಿಲ್ಲದೆ, ಅಲುಗಾಡದೆ ಮಲಗಿರಬೇಕು. ದುಡಿಯುವ ಸ್ನಾಯುಗಳೂ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಈ ನಿರ್ಬಂಧ ಅಗತ್ಯ. ಜೊತೆಗೆ ಬಂದವರು ಹೊರಗೆ ಉಳಿಯುತ್ತಾರೆ. ಒಳಗೆ ರೋಗಿಗೆ ತನ್ನ ಚಿಂತೆಯೇ ಸಂಗಾತಿ. ‘ರೋಗ ಹರಡಿದೆಯೇ?’ ಎಂಬ ಪ್ರಶ್ನೆಯು ಸೂಜಿಯ ನೋವಿಗಿಂತ ತೀಕ್ಷ್ಣವಾಗಿ ಕಾಡುತ್ತದೆ.

ಆದರೆ ಚಿತ್ರದಲ್ಲಿ ಹೊಳೆಯುವುದೆಲ್ಲವೂ ಕ್ಯಾನ್ಸರ್ ಅಲ್ಲ. ಮಿದುಳು, ಮೂತ್ರಕೋಶಗಳು ಆರೋಗ್ಯವಂತರಲ್ಲಿಯೂ ಹೊಳೆಯುತ್ತವೆ. ಕ್ಷಯದ ಗಂಟುಗಳೂ ಮಾಯುತ್ತಿರುವ ಗಾಯವೂ ಹೊಳೆಯಬಲ್ಲವು. ಆದುದರಿಂದ ಹಿಂದಿನ ಕ್ಷಯರೋಗ, ಇತ್ತೀಚಿನ ಶಸ್ತ್ರಚಿಕಿತ್ಸೆ, ಮಧುಮೇಹದ ಔಷಧಿ ಇವುಗಳನ್ನು ರೋಗಿಯು ಮೊದಲೇ ತಿಳಿಸಬೇಕು. ಹಳೆಯ ವರದಿಗಳನ್ನೂ ತರಬೇಕು. ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಆರಂಭವಾಗಿ, 1962ರಲ್ಲಿ ಪರಮಾಣು ಶಕ್ತಿ ಇಲಾಖೆಗೆ ಸೇರಿದ ಟಾಟಾ ಸ್ಮಾರಕ ಆಸ್ಪತ್ರೆಗೆ ಕರ್ನಾಟಕದಿಂದಲೂ ರೋಗಿಗಳು ಬರುತ್ತಾರೆ. ಹಿಂದಿ, ಮರಾಠಿ ಅರಿಯದವರೊಡನೆ ಆ ಭಾಷೆ ಬಲ್ಲ ಕನ್ನಡಿಗರೊಬ್ಬರು ಹೋದರೆ ಅದೊಂದು ದೊಡ್ಡ ಉಪಕಾರ.

ಸ್ಕ್ಯಾನ್ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ವಿಕಿರಣವು ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ರೋಗಿಯು ಹೆಚ್ಚು ನೀರು ಕುಡಿಯಬೇಕು. ಕೆಲವು ಗಂಟೆಗಳ ಕಾಲ ಗರ್ಭಿಣಿಯರಿಂದಲೂ ಎಳೆಯ ಮಕ್ಕಳಿಂದಲೂ ದೂರವಿರಬೇಕು. ಈ ಎಚ್ಚರಿಕೆ ಆ ದಿನದ ವಿಕಿರಣಕ್ಕಾಗಿ ಮಾತ್ರ. ಕ್ಯಾನ್ಸರ್ ಅಂಟುರೋಗವಲ್ಲ, ಮರುದಿನವೂ ಮನೆಯವರು ರೋಗಿಯನ್ನು ದೂರವಿಡುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯವೂ ಹೌದು.