ನೋಡುವ ವಿದ್ಯೆ



ಚಿತ್ರಗಳನ್ನು ಕುರಿತು ಆಕಾಶವಾಣಿಯಲ್ಲಿ ಮಾತನಾಡುವುದು ಕತ್ತಲೆಯಲ್ಲಿ ಕನ್ನಡಿ ಹಿಡಿದಂತೆ ಎಂದು ತಮಗೆ ತೋರಬಹುದು. ಆದರೆ ನಾನು ಇಂದು ಹೇಳಬೇಕೆಂದಿರುವುದು ಚಿತ್ರಗಳ ವಿಷಯಕ್ಕಿಂತಲೂ ಅವುಗಳನ್ನು ನೋಡುವ ಕಣ್ಣುಗಳ ವಿಷಯ. ಅದರಲ್ಲಿಯೂ ಪ್ರೌಢಶಾಲೆಯ ಮಕ್ಕಳ ಕಣ್ಣುಗಳ ವಿಷಯ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ವಿದ್ಯಾ ಇಲಾಖೆಯವರು ಒಂದುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆದಿದ್ದಾರೆ. ಅಲ್ಲಿನ ಪ್ರೌಢಶಾಲೆಗಳಲ್ಲಿ ಚಿತ್ರಕಲೆಗೂ ಚಲಚ್ಚಿತ್ರದ ಅಭ್ಯಾಸಕ್ಕೂ ಸ್ಥಳವುಂಟೆ? ಉಂಟಾದರೆ ಆ ತರಗತಿಯು ಹೇಗಿರಬೇಕು? ಇವೇ ಇಂದಿನ ಪ್ರಶ್ನೆಗಳು.

ಮೊದಲು ಆಕ್ಷೇಪಣೆಯನ್ನು ಕೇಳೋಣ. ‘ಅದು ಮಳೆ ಕಡಮೆಯಾದ ಸೀಮೆ. ಕಡಲೆಕಾಯಿ ಬೆಳೆಯನ್ನು ನಂಬಿದ ಕುಟುಂಬಗಳ ಮಕ್ಕಳು ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ದಾಟಿ ಒಂದು ಉದ್ಯೋಗವನ್ನು ಹಿಡಿದರೆ ಸಾಕು. ಚಿತ್ರ, ಸಿನಿಮಾ ಎಲ್ಲ ಪಟ್ಟಣದ ಶ್ರೀಮಂತರ ವಿನೋದ’ ಎಂದು ಹೇಳುವವರು ಉಂಟು. ಈ ಮಾತಿನಲ್ಲಿ ಮಕ್ಕಳ ಮೇಲಿನ ಅಕ್ಕರೆಯಿದೆ, ಅದನ್ನು ತಿರಸ್ಕರಿಸಲಾಗದು. ಆದರೆ ಒಂದು ಸಂಗತಿಯನ್ನು ಅದು ಮರೆತಿದೆ. ಇವರ ಅಜ್ಜಂದಿರು ಒಂದು ಜಾತ್ರೆಯಿಂದ ಮತ್ತೊಂದು ಜಾತ್ರೆಯವರೆಗೆ ಎಷ್ಟು ಚಿತ್ರಗಳನ್ನು ನೋಡುತ್ತಿದ್ದರೋ, ಅದಕ್ಕಿಂತ ಹೆಚ್ಚನ್ನು ಈ ಮಕ್ಕಳು ಮೊಬೈಲು ಫೋನಿನಲ್ಲಿ ಒಂದು ಸಂಜೆಗೆ ನೋಡುತ್ತಾರೆ. ಅಕ್ಷರವನ್ನು ಓದಲು ಹತ್ತು ವರ್ಷ ಕಲಿಸುತ್ತೇವೆ. ಚಿತ್ರವನ್ನು ಓದಲು ಒಂದು ದಿನವನ್ನೂ ಕಲಿಸುವುದಿಲ್ಲ. ಓದಲು ಬಾರದವನ ಹೆಬ್ಬೆಟ್ಟನ್ನು ಸಾಹುಕಾರನು ಯಾವ ಪತ್ರಕ್ಕೆ ಬೇಕಾದರೂ ಒತ್ತಿಸಿಕೊಳ್ಳುತ್ತಿದ್ದನಷ್ಟೆ. ನೋಡಲು ಬಾರದವನ ಪಾಡೂ ಇಂದು ಹಾಗೆಯೇ ಆಗುತ್ತಿದೆ.

ಚಿತ್ರಕಲೆಯು ನಮ್ಮ ಶಾಲೆಗಳಿಗೆ ಹೊಸದೇನೂ ಅಲ್ಲ. ಚಿತ್ರಕಲಾ ಉಪಾಧ್ಯಾಯರ ಹುದ್ದೆಯುಂಟು. ಲೋಯರ್ ಗ್ರೇಡು, ಹೈಯರ್ ಗ್ರೇಡು ಎಂಬ ಪರೀಕ್ಷೆಗಳುಂಟು. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕಲಾಶಿಕ್ಷಣವು ಹತ್ತನೆಯ ತರಗತಿಯವರೆಗೆ ಕಡ್ಡಾಯವಾಗಿರಬೇಕೆಂದು ಹೇಳಿತು. ಆದರೂ ಪರೀಕ್ಷೆಯು ಸಮೀಪಿಸಿದಾಗ ಮೊದಲು ಸಾಲ ಕೊಡುವ ಗಂಟೆ ಡ್ರಾಯಿಂಗಿನದು. ಸಾಲ ಪಡೆಯುವುದು ಗಣಿತ. ಆ ಸಾಲವು ಹಿಂದಿರುಗುವ ವಾಡಿಕೆಯಿಲ್ಲ.

ಗಂಟೆ ಉಳಿದಲ್ಲಿಯೂ ನಡೆಯುವುದೇನು? ‘ಒಂದು ಪ್ರಕೃತಿದೃಶ್ಯವನ್ನು ಬರೆಯಿರಿ’ ಎಂದರೆ ಸಾಕು: ಎರಡು ತ್ರಿಕೋಣದ ಬೆಟ್ಟ, ನಡುವೆ ಉದಯಿಸುವ ಸೂರ್ಯ, ಒಂದು ನದಿ, ಒಂದು ಗುಡಿಸಲು, ಒಂದು ತೆಂಗಿನಮರ. ಮಧುಗಿರಿಯ ಬಾಲಕನೂ ಇದನ್ನೇ ಬರೆಯುತ್ತಾನೆ. ಅವನ ಊರಿನ ನೆತ್ತಿಯ ಮೇಲೆಯೇ ಒಂದೇ ಕಲ್ಲಿನ ಮಹಾಗಿರಿಯು ನಿಂತಿದೆ; ಅದರಲ್ಲಿ ತ್ರಿಕೋಣವೆಂಬುದೇ ಇಲ್ಲ. ಮಳೆಯ ನೀರು ಇಳಿದಿಳಿದು ಮೂಡಿದ ಕಪ್ಪು ಗೆರೆಗಳು, ಮೈಗೆ ಹತ್ತಿಕೊಂಡ ಕೋಟೆಯ ಗೋಡೆ, ಬಂಡೆಯಲ್ಲಿ ಕಡಿದ ಮೆಟ್ಟಿಲು, ಬೆಳಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ. ಕಣ್ಣೆದುರಿನ ಬೆಟ್ಟವನ್ನು ಬಿಟ್ಟು, ಎಲ್ಲಿಯೂ ಇಲ್ಲದ ಬೆಟ್ಟವನ್ನು ಬರೆಯುವ ಈ ಕೈಯನ್ನು ತಿದ್ದಬೇಕಾದರೆ ಮೊದಲು ಕಣ್ಣನ್ನು ತಿದ್ದಬೇಕು. ಕಿಟಕಿಯನ್ನು ತೆರೆದು, ‘ಇದನ್ನು ಬರೆ’ ಎಂದರೆ ತರಗತಿಯು ಆರಂಭವಾದಂತೆಯೇ.

ಉಳಿದ ತಾಲ್ಲೂಕುಗಳಲ್ಲಿಯೂ ಪಾಠಸಾಮಗ್ರಿಗೆ ಕೊರತೆಯಿಲ್ಲ. ಶಿರಾದಲ್ಲಿ 1651ರ ಮಲಿಕ್ ರಿಹಾನನ ಸಮಾಧಿಯಿದೆ, 1696ರ ಜುಮ್ಮಾ ಮಸೀದಿಯಿದೆ. ಅಲ್ಲಿನ ಕಮಾನನ್ನೂ ಊರ ಹಳೆಯ ಗುಡಿಯ ಕಂಬದ ಮೇಲೆ ಅಡ್ಡವಾಗಿ ಕೂಡಿಸಿದ ತೊಲೆಯನ್ನೂ ಒಂದೇ ಹಾಳೆಯಲ್ಲಿ ಬರೆದ ಬಾಲಕಿಗೆ, ಕಲ್ಲಿನ ಭಾರವನ್ನು ಹೊರುವುದಕ್ಕೆ ಮನುಷ್ಯನು ಎರಡು ಬೇರೆ ಉಪಾಯಗಳನ್ನು ಕಂಡುಕೊಂಡನೆಂಬುದು ಪುಸ್ತಕವಿಲ್ಲದೆಯೇ ತಿಳಿಯುತ್ತದೆ. ಕೊರಟಗೆರೆಯ ಸಿದ್ಧರಬೆಟ್ಟವು ಮೂಲಿಕೆಗಳಿಗೆ ಹೆಸರಾದುದು. ಒಂದು ಎಲೆಯ ನರಗಳನ್ನು ತಪ್ಪದೆ ಬರೆಯುವುದು ಚಿತ್ರಪಾಠವೂ ಹೌದು, ಸಸ್ಯಶಾಸ್ತ್ರದ ಪಾಠವೂ ಹೌದು.

ಇನ್ನು ಚಲಚ್ಚಿತ್ರ. ಅದನ್ನು ಪರದೇಶದ ಯಂತ್ರವೆಂದು ಆರಂಭಿಸುವುದಕ್ಕಿಂತ ನಮ್ಮ ತೊಗಲುಗೊಂಬೆಯ ಆಟದಿಂದ ಆರಂಭಿಸುವುದು ಲೇಸು. ದೀಪ, ಬಿಳಿಯ ಪರದೆ, ನಡುವೆ ಹದಮಾಡಿ ಬಣ್ಣ ಹಾಕಿದ ತೊಗಲು: ಬೆಳಕಿನಿಂದ ಕಥೆ ಹೇಳುವ ವಿದ್ಯೆಯ ಮೂಲತತ್ತ್ವವೆಲ್ಲ ಇಲ್ಲಿದೆ. ಕನ್ನಡನಾಡಿನ ಗೊಂಬೆಗಳಲ್ಲಿ ಪಾತ್ರದ ಅಂತಸ್ತಿಗೆ ತಕ್ಕಂತೆ ಗಾತ್ರ. ದೊರೆ ದೊಡ್ಡವನು, ಸೇವಕ ಚಿಕ್ಕವನು. ಸಿನಿಮಾದಲ್ಲಿಯಾದರೋ ಕ್ಯಾಮರಾ ಹತ್ತಿರ ಬಂದರೆ ಕೂಲಿಯವನ ಮುಖವೂ ಪರದೆಯನ್ನೆಲ್ಲ ತುಂಬುತ್ತದೆ. ಯಾರನ್ನು ಹತ್ತಿರದಿಂದ ತೋರಿಸಿದರು, ಯಾರನ್ನು ದೂರದಲ್ಲಿಯೇ ಬಿಟ್ಟರು ಎಂದು ಕೇಳಲು ಕಲಿತ ವಿದ್ಯಾರ್ಥಿಯು ಸಿನಿಮಾವನ್ನು ಅರ್ಧ ಕಲಿತಂತೆಯೇ.

ಉಳಿದರ್ಧವು ಜೋಡಣೆಯಲ್ಲಿದೆ. ಸುಮಾರು 1920ರಲ್ಲಿ ರಷ್ಯಾ ದೇಶದ ಲೆವ್ ಕುಲೆಷೋವ್ ಎಂಬಾತನು ನಡೆಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ಒಮ್ಮೆ ಊಟದ ತಟ್ಟೆಯ ಪಕ್ಕದಲ್ಲಿಯೂ ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿಯೂ ಜೋಡಿಸಿದಾಗ, ನೋಡಿದವರಿಗೆ ಅದೇ ಮುಖದಲ್ಲಿ ಮೊದಲು ಹಸಿವೂ ಬಳಿಕ ದುಃಖವೂ ಕಂಡವಂತೆ. ಈ ಪ್ರಯೋಗವನ್ನು ನಮ್ಮ ಹಳ್ಳಿಯ ಶಾಲೆಯಲ್ಲಿ ಒಂದು ಫೋನಿನಿಂದ ಒಂದೇ ಗಂಟೆಯಲ್ಲಿ ಮಾಡಿ ನೋಡಬಹುದು. ಮಾಡಿದ ಹುಡುಗನು ಮುಂದೆ, ಯಾರೋ ಕತ್ತರಿಸಿ ಅಂಟಿಸಿ ಕಳುಹಿಸಿದ ದೃಶ್ಯವನ್ನು ಕಂಡು ನೆರೆಯವನ ಮೇಲೆ ಕಲ್ಲೆತ್ತುವ ಮೊದಲು ಒಂದು ಕ್ಷಣವಾದರೂ ನಿಲ್ಲುತ್ತಾನೆ. ಆ ಒಂದು ಕ್ಷಣಕ್ಕಾಗಿಯೇ ಈ ತರಗತಿಯು ಬೇಕು.

ಚೌಕಟ್ಟಿನ ಪಾಠಕ್ಕೆ ಪಾವಗಡವೇ ಸಾಕು. ಅಲ್ಲಿ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವಿದೆ. ಮೇಲಿನಿಂದ ತೆಗೆದರೆ ನೀಲಿಯ ಸಮುದ್ರದಂತೆ ಕಾಣುವ ಭವ್ಯ ಚಿತ್ರ. ಜಮೀನನ್ನು ಗುತ್ತಿಗೆಗೆ ಕೊಟ್ಟು ವರ್ಷವರ್ಷವೂ ಹಣ ಪಡೆಯುವ ರೈತನ ಮನೆಯಲ್ಲಿ ತೆಗೆದರೆ ನೆಮ್ಮದಿಯ ಚಿತ್ರ. ಸ್ವಂತ ಜಮೀನಿಲ್ಲದೆ ಹೊಲದ ಕೂಲಿಯನ್ನು ಕಳೆದುಕೊಂಡವನ ಅಂಗಳದಲ್ಲಿ ತೆಗೆದರೆ ಇನ್ನೊಂದು ಚಿತ್ರ. ಮೂರೂ ನಿಜ, ಯಾವ ಒಂದೂ ಪೂರ್ಣವಲ್ಲ. ರಟ್ಟಿನಲ್ಲಿ ಕತ್ತರಿಸಿದ ಚೌಕವೊಂದನ್ನು ಮಕ್ಕಳ ಕೈಗೆ ಕೊಟ್ಟು, ‘ಒಳಗೆ ಏನಿದೆ, ಹೊರಗೆ ಏನನ್ನು ಬಿಟ್ಟೆ?’ ಎಂದು ಕೇಳಿದರೆ ಈ ವಿವೇಕವು ತಾನಾಗಿ ಬರುತ್ತದೆ.

ಹಳ್ಳಿಯವರಿಗೆ ಒಳ್ಳೆಯ ಚಿತ್ರಗಳು ರುಚಿಸುವವೆ ಎಂಬ ಸಂದೇಹಕ್ಕೆ ಉತ್ತರವು ಆಗಲೇ ದೊರೆತಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1970ರ ದಶಕದಲ್ಲಿ ನೀನಾಸಮ್ ಸಂಸ್ಥೆಯ ಮೂಲಕ ಪ್ರಪಂಚದ ಶ್ರೇಷ್ಠ ಚಲಚ್ಚಿತ್ರಗಳನ್ನು ಗ್ರಾಮಸ್ಥರಿಗೆ ತೋರಿಸಿದರು. ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದುರರಂಥ ವಿದ್ವಾಂಸರನ್ನು ಕರೆಸಿ ರಸಗ್ರಹಣದ ಶಿಬಿರಗಳನ್ನು ನಡೆಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು. ಅಡಕೆಯ ತೋಟಗಳ ನಡುವೆ ಆದದ್ದು ಕಡಲೆಕಾಯಿಯ ಹೊಲಗಳ ನಡುವೆ ಆಗಬಾರದೆ?

ಏನನ್ನು ತೋರಿಸಬೇಕೆಂದರೆ, ವರ್ಷಕ್ಕೆ ಮೂರು ನಾಲ್ಕು ಚಿತ್ರಗಳು ಸಾಕು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದಲ್ಲಿ ಹಿರಿಯರ ಲೋಕದ ಕ್ರೌರ್ಯವನ್ನು ಒಬ್ಬ ಬಾಲಕನ ಕಣ್ಣಿನಿಂದ ಕಾಣುತ್ತೇವೆ. ಸತ್ಯಜಿತ್ ರಾಯರ 1955ರ ‘ಪಥೇರ್ ಪಾಂಚಾಲಿ’ಯಲ್ಲಿ, ಮಗಳು ತೀರಿಕೊಂಡುದನ್ನು ಅರಿಯದ ತಂದೆಯು ಊರಿನಿಂದ ಬಂದು ಅವಳಿಗೆಂದು ತಂದ ಸೀರೆಯನ್ನು ತೋರಿಸುವಾಗ ತಾಯಿಯ ರೋದನವು ಬಾಯಿಂದ ಕೇಳಿಬರುವುದಿಲ್ಲ, ಅದರ ಸ್ಥಾನದಲ್ಲಿ ವಾದ್ಯವು ಕೂಗುತ್ತದೆ. ಏಕೆ ಹೀಗೆ ಮಾಡಿದರೆಂದು ಮಕ್ಕಳನ್ನು ಕೇಳಿ, ಅರ್ಧ ಗಂಟೆ ಅವರ ಮಾತನ್ನು ಆಲಿಸಿದರೆ ಅದೇ ಪಾಠ.

ಖರ್ಚು ಹೆಚ್ಚಲ್ಲ: ಶಾಲೆಗೊಂದು ಪ್ರೊಜೆಕ್ಟರು, ಕತ್ತಲೆ ಮಾಡಬಲ್ಲ ಒಂದು ಕೊಠಡಿ, ಕಾಗದ, ಸೀಸದಕಡ್ಡಿ. ಹೆಚ್ಚು ಬೇಕಾದುದು ಉಪಾಧ್ಯಾಯರ ಸಿದ್ಧತೆ. ಚಿತ್ರಕಲಾ ಉಪಾಧ್ಯಾಯರೂ ಕನ್ನಡ ಪಂಡಿತರೂ ಚರಿತ್ರೆಯ ಮೇಷ್ಟ್ರೂ ಕೂಡಿ ನಡೆಸಿದರೆ ಉತ್ತಮ. ಆದರೆ ಇದಕ್ಕೂ ಅಂಕ, ಗೈಡು, ಮನೆಪಾಠಗಳನ್ನು ಅಂಟಿಸಿದರೆ ಎರಡು ತ್ರಿಕೋಣದ ಬೆಟ್ಟವು ಮತ್ತೊಂದು ವೇಷದಲ್ಲಿ ಹಿಂದಿರುಗುವುದು ಖಂಡಿತ. ಎಲ್ಲರೂ ಚಿತ್ರಕಾರರಾಗಬೇಕೆಂದು, ನಟರಾಗಬೇಕೆಂದು ಇದರ ಗುರಿಯಲ್ಲ. ಹುಣಸೆಹಣ್ಣನ್ನು ಬಡಿದು ಬೀಜ ತೆಗೆಯುವ ತಾಯಿಯ ಕೈಗಳನ್ನು ಒಂದು ನಿಮಿಷ ನೆಟ್ಟ ನೋಟದಿಂದ ಚಿತ್ರಿಸಿದ ಮಗನು ಆ ಕೈಗಳನ್ನು ಮತ್ತೆಂದೂ ಮೊದಲಿನಂತೆ ನೋಡಲಾರನು. ಅಷ್ಟು ಸಾಧಿಸಿದರೆ ಸಾಕು.

ಈ ನಾಲ್ಕು ತಾಲ್ಲೂಕುಗಳಿಂದ ಹೊರಟು ಪಟ್ಟಣಗಳಲ್ಲಿ ನೆಲೆಸಿರುವ ವಿದ್ಯಾವಂತರು ಅನೇಕರಿದ್ದಾರೆ. ತಾವು ಓದಿದ ಶಾಲೆಗೆ ಅವರು ಮುಂದಿನ ಸಲ ಹೋದಾಗ ಹಾರ ತುರಾಯಿಗಳನ್ನು ಬದಿಗಿರಿಸಿ, ‘ಡ್ರಾಯಿಂಗಿನ ಗಂಟೆ ಯಾವ ವಾರ? ಈ ವಾರ ಅದು ನಡೆಯಿತೆ?’ ಎಂದು ಕೇಳಲಿ. ಸಾಲ ಹೋದ ಗಂಟೆಗಳು ಮಕ್ಕಳಿಗೆ ಹಿಂದಿರುಗುವುದಕ್ಕೆ ಅದು ಮೊದಲ ಹೆಜ್ಜೆಯಾದೀತು.