ಮೊದಲ ಹಿಮದ ಹಾದಿಯಲ್ಲಿ

ಇಂದು ಪ್ರಮಾಣಪತ್ರ ಪಡೆಯುತ್ತಿರುವ ಮಕ್ಕಳಿಗೆ ಅಭಿನಂದನೆಗಳು. ವಾರಾಂತ್ಯದ ನಿದ್ದೆ ಬಿಟ್ಟು ಅವರನ್ನು ಕರೆತಂದ ಪೋಷಕರಿಗೆ ಅದಕ್ಕಿಂತ ದೊಡ್ಡ ಅಭಿನಂದನೆ. ನನಗೆ ಕೊಟ್ಟಿರುವ ಐದು ನಿಮಿಷದಲ್ಲಿ ತರಗತಿಯ ಹೊರಗೆ ನಡೆದ ಒಂದು ಪಾಠದ ಬಗ್ಗೆ ಹೇಳುತ್ತೇನೆ.

ದೀಪಾವಳಿ ಮುಗಿದ ಮೇಲೆ ದೊಡ್ಡ ತರಗತಿಯ ಮಕ್ಕಳು, ಕೆಲವು ಪೋಷಕರು ಸೇರಿ ಬರ್ಲಿಂಗ್ಟನ್ನಿನ ಮೌಂಟ್ ನೀಮೊಗೆ ಹೋಗಿದ್ದೆವು. ಹಿಂದಿನ ದಿನವೆಲ್ಲ ಬಿರುಗಾಳಿ, ಜೊತೆಗೆ ಆ ವರ್ಷದ ಮೊದಲ ಹಿಮ. ಗಾಳಿ ಪೂರ್ತಿ ನಿಂತ ಮೇಲೆಯೇ ಹೊರಟೆವು. ಎಲೆ ಇನ್ನೂ ಉದುರದ ಮರದ ಮೇಲೆ ಒದ್ದೆ ಹಿಮ ಕೂತರೆ ಕೊಂಬೆ ಭಾರ ತಾಳದೆ ಮುರಿಯುತ್ತದೆ. ಬೋಳು ಮರಗಳಿಗೆ ಜನವರಿಯಲ್ಲಿ ಅಷ್ಟು ಕಷ್ಟವಿಲ್ಲ.

ನಯಾಗರಾ ಎಸ್ಕಾರ್ಪ್‌ಮೆಂಟನ್ನು ಬೆಟ್ಟ ಎಂದರೆ ಚಿಕ್ಕಮಗಳೂರಿನವರು ನಕ್ಕಾರು. ಅವರ ಮುಳ್ಳಯ್ಯನಗಿರಿ 1,900 ಮೀಟರ್ ದಾಟಿದೆ! ಆದರೆ ಈ ಬಂಡೆಸಾಲಿನ ಅಂಚಿಗೆ ಅಂಟಿಕೊಂಡು ಬೆಳೆದ ಬಿಳಿ ಸೀಡರ್ ಮರಗಳಲ್ಲಿ ಕೆಲವಕ್ಕೆ ಸಾವಿರ ವರ್ಷ ಮೀರಿದೆ. ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಕಾಂಡದ ಉಂಗುರ ಎಣಿಸಿ ತೋರಿಸಿದ್ದಾರೆ. ‘ಹಾಗಾದರೆ ಪಂಪನ ಕಾಲದವು’ ಎಂದ ಒಬ್ಬ ಹುಡುಗ. ಪಾಠ ಎಲ್ಲಿ ನೆನಪಾಗುತ್ತದೋ ನೋಡಿ.

ಅಲ್ಲಿ ನಡೆಯುವ ದಾರಿ ಬ್ರೂಸ್ ಟ್ರೇಲ್. ಕ್ವೀನ್ಸ್‌ಟನ್‌ನಿಂದ ಟೋಬರ್ಮೊರಿವರೆಗೆ ಸುಮಾರು 900 ಕಿಲೋಮೀಟರ್. ಮರಗಳ ಮೇಲೆ ಬಿಳಿ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಒಂದರ ಮೇಲೊಂದು ಎರಡು ಪಟ್ಟಿ ಇದ್ದರೆ ತಿರುವು. ಮೇಲಿನದು ಯಾವ ಕಡೆ ಸರಿದಿದೆಯೋ ಆ ಕಡೆ ತಿರುಗಬೇಕು. ಆದರೆ ಬಿರುಗಾಳಿ ಕಾಂಡಗಳ ಒಂದು ಮೈಗೆ ಹಿಮ ಮೆತ್ತಿತ್ತು. ಬಿಳಿಯ ಮೇಲೆ ಬಿಳಿ! ಮಕ್ಕಳು ಕೈಗವಸಿನಿಂದ ಒರೆಸಿ ದಾರಿ ಹುಡುಕಬೇಕಾಯಿತು.

ನಮ್ಮ ಜೊತೆ ತೀರ್ಥಹಳ್ಳಿ ಕಡೆಯ ಒಬ್ಬರು ಅಜ್ಜಿ ಬಂದಿದ್ದರು, ಮೊಮ್ಮಗಳ ಜೊತೆ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಮೌಂಟ್ ನೀಮೊದ ಅಂಚಿನ ಬಂಡೆಯಲ್ಲಿ ಆಳವಾದ ಬಿರುಕುಗಳಿವೆ. ಎಲೆ, ಎಲೆಯ ಮೇಲೆ ಹಿಮ ಬಿದ್ದರೆ ಕಾಣುವುದಿಲ್ಲ. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಆ ಹುಡುಗಿ ಅಜ್ಜಿಯ ಮುಂದೆ ನಿಂತು, ‘ಅಲ್ಲಿ ಬೇಡ ಅಜ್ಜಿ, ಅಡಿಯಲ್ಲಿ ಬಿರುಕಿದೆ, ಈ ಕಡೆ ಬಾ’ ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅಂಕಕ್ಕಾಗಿಯೂ ಅಲ್ಲ. ಆ ಕ್ಷಣಕ್ಕೆ ಕನ್ನಡವೇ ಬೇಕಿತ್ತು.

ಅಜ್ಜಿಯೂ ಸುಮ್ಮನಿರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ನಡೆದ ಕಾಲು ಅವರದು. ‘ಕೋಲೂರಿ ನೋಡು, ಆಮೇಲೆ ಕಾಲಿಡು, ಕಾಲು ನಿಂತ ಮೇಲೆ ಭಾರ ಹಾಕು’ ಎಂದು ಮಕ್ಕಳಿಗೆ ತೋರಿಸಿದರು. ಸೋನೆ, ಜಡಿಮಳೆ, ತುಂತುರು ಎಂದು ಮಳೆಯ ಹೆಸರುಗಳನ್ನೂ ಹೇಳಿದರು. ಹಿಮಕ್ಕೆ? ನಮ್ಮಲ್ಲಿ ಮಂಜು ಎಂದರೆ ಕಾವಳವೂ ಹೌದು, ಹಿಮವೂ ಹೌದು. ಮಕ್ಕಳಿಗೆ ಅದು ಸಾಲಲಿಲ್ಲ. ಉಂಡೆ ಕಟ್ಟಲು ಬರುವುದು ‘ಅಂಟುಹಿಮ’, ಊದಿದರೆ ಹಾರುವುದು ‘ಹಿಟ್ಟುಹಿಮ’ ಎಂದು ತಾವೇ ಹೆಸರಿಟ್ಟರು. ನಾನು ತಿದ್ದಲಿಲ್ಲ.

ಪೋಷಕರಲ್ಲಿ ಒಂದು ಕೋರಿಕೆ. ಊಟ, ಹೋಂವರ್ಕ್, ‘ಬೇಗ ಹೊರಡು’ ಇಷ್ಟಕ್ಕೇ ಮನೆಯ ಕನ್ನಡ ನಿಲ್ಲುತ್ತಿದೆ. ಹಿಮ ಸಲಿಕೆಯಲ್ಲಿ ಎತ್ತುವಾಗ, ಚಳಿಗಾಲದ ಟೈರ್ ಹಾಕಿಸುವಾಗ ಮಕ್ಕಳನ್ನು ಜೊತೆಗಿಟ್ಟುಕೊಂಡು ಕನ್ನಡದಲ್ಲಿ ಮಾತಾಡಿ. ಪದ ಸಿಗದಿದ್ದರೆ ಅವರನ್ನೇ ಕೇಳಿ.

ಈ ವರ್ಷವೂ ಎಲೆ ಉದುರುವ ಹೊತ್ತಿಗೆ ಹೋಗುತ್ತೇವೆ. ಹಿಡಿತವಿರುವ ಬೂಟು, ಎರಡು ಜೊತೆ ಕಾಲುಚೀಲ, ಒಂದು ಫ್ಲಾಸ್ಕ್ ಕಾಫಿ ತನ್ನಿ. ಊರಿಂದ ಅಜ್ಜ ಅಜ್ಜಿ ಬಂದಿದ್ದರೆ ಅವರನ್ನೂ ಕರೆತನ್ನಿ. ಕೋಲು ನಾವು ತರುತ್ತೇವೆ.