ಗಂಟಿನ ಆಳ ಬಲ್ಲವರಾರು?

ಚರ್ಮದ ಕಾಯಿಲೆ ಕಣ್ಣಿಗೆ ಕಾಣುವಂಥದ್ದು. ಹಾಗಿದ್ದ ಮೇಲೆ ಅದಕ್ಕೆ ಎಂ.ಆರ್.ಐ. ಸ್ಕ್ಯಾನ್ ಏಕೆ? ಒಂದು ಅಪರೂಪದ ಕ್ಯಾನ್ಸರಿನ ಚರಿತ್ರೆ ನೋಡಿದರೆ ಉತ್ತರ ಸಿಗುತ್ತದೆ.

1924ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಡಾರಿಯೆ, ಫೆರಾನ್ ಅವರ ಜೊತೆಗೂಡಿ, ನಿಧಾನವಾಗಿ ಬೆಳೆಯುವ, ಕೊಯ್ದರೂ ಮರುಕಳಿಸುವ ಚರ್ಮದ ಗಂಟೊಂದನ್ನು ವರ್ಣಿಸಿದರು. ಮರುವರ್ಷ ಹಾಫ್‌ಮನ್ ಇಟ್ಟ ಹೆಸರು ಡರ್ಮಟೋಫೈಬ್ರೋಸಾರ್ಕೋಮಾ ಪ್ರೊಟ್ಯೂಬರನ್ಸ್. ವೈದ್ಯರ ಬಾಯಲ್ಲಿ ಡಿ.ಎಫ್.ಎಸ್.ಪಿ. ಅಮೆರಿಕದಲ್ಲಿ ಇದು ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು 4 ಮಂದಿಗಷ್ಟೇ ಕಾಣಿಸುತ್ತದೆ. ದೂರದ ಅಂಗಗಳಿಗೆ ಹರಡುವುದು ವಿರಳ. ಆದರೆ ಗರಿಕೆಯ ಬೇರಿನಂತೆ ಚರ್ಮದಡಿಯ ಕೊಬ್ಬಿನೊಳಗೆ ಎಳೆಎಳೆಯಾಗಿ ಸಾಗುತ್ತದೆ. ಮೇಲಿನ ಗಂಟನ್ನಷ್ಟೇ ತೆಗೆದರೆ ಉಳಿದ ಎಳೆ ಮತ್ತೆ ಚಿಗುರುತ್ತದೆ.

ಇತ್ತ 1971ರಲ್ಲಿ ನ್ಯೂಯಾರ್ಕಿನ ರೇಮಂಡ್ ಡಮೇಡಿಯನ್, ಇಲಿಗಳ ಗೆಡ್ಡೆಯ ಅಂಗಾಂಶ ಕಾಂತಕ್ಷೇತ್ರದಲ್ಲಿ ಆರೋಗ್ಯವಂತ ಅಂಗಾಂಶಕ್ಕಿಂತ ಬೇರೆಯಾಗಿ ವರ್ತಿಸುತ್ತದೆಂದು ತೋರಿಸಿದರು. ಕ್ಯಾನ್ಸರನ್ನು ಹೊರಗಿನಿಂದಲೇ ಗುರುತಿಸಬಹುದೆಂಬ ಆಸೆ ಹುಟ್ಟಿತು. 1973ರಲ್ಲಿ ಪಾಲ್ ಲಾಟರ್ಬರ್ ಕಾಂತಕ್ಷೇತ್ರದಲ್ಲಿ ಅಂಗಾಂಶ ಕೊಡುವ ಸಂಕೇತಗಳಿಂದ ಚಿತ್ರ ಕಟ್ಟುವ ದಾರಿ ಕಂಡುಕೊಂಡರು; ಅದೇ ಎಂ.ಆರ್.ಐ. ಪೀಟರ್ ಮ್ಯಾನ್ಸ್‌ಫೀಲ್ಡ್ ಅದಕ್ಕೆ ವೇಗ ತಂದರು. ಇವರಿಬ್ಬರಿಗೆ 2003ರಲ್ಲಿ ನೊಬೆಲ್ ಬಂತು. ಡಮೇಡಿಯನ್ ಹೊರಗುಳಿದು ಪ್ರತಿಭಟಿಸಿದರು.

ಆ ಮೊದಲ ಆಸೆ ಪೂರ್ತಿ ಕೈಗೂಡಲಿಲ್ಲ. ಕ್ಯಾನ್ಸರ್ ಗಂಟಿನ ಸಂಕೇತವೂ ಸಾಧು ಗಂಟಿನ ಸಂಕೇತವೂ ಎಷ್ಟೋ ಸಲ ಒಂದೇ ತರಹ ಇರುತ್ತವೆ. ಯಂತ್ರವನ್ನು ಕೇಳಿದ್ದು, ‘ಇದು ಕ್ಯಾನ್ಸರೇ?’ ಎಂದು. ಅದು ಚೆನ್ನಾಗಿ ಉತ್ತರಿಸಿದ್ದು, ‘ಎಲ್ಲಿಯವರೆಗೆ ಹಬ್ಬಿದೆ?’ ಎಂಬುದಕ್ಕೆ.

ಚರ್ಮಕ್ಕಂತೂ ಇನ್ನೊಂದು ತೊಡಕಿತ್ತು. ಕೆಳಗಿನ ಕೊಬ್ಬೇ ಚಿತ್ರದಲ್ಲಿ ಬೆಳ್ಳಗೆ ಹೊಳೆದು ಗಂಟನ್ನು ಮರೆಮಾಡುತ್ತಿತ್ತು. 1980ರ ದಶಕದಲ್ಲಿ ಕೊಬ್ಬಿನ ಸಂಕೇತವನ್ನು ಅಡಗಿಸುವ ವಿಧಾನಗಳು ಬಂದವು. ಮೈಗೆ ಒತ್ತಿ ಇಟ್ಟು ಸಂಕೇತ ಹಿಡಿಯುವ ಪುಟ್ಟ ಕಾಯಿಲ್‌ಗಳು ಸೂಕ್ಷ್ಮ ವಿವರ ತಂದವು. ಗಂಟು ಸ್ನಾಯುವಿನ ಹೊದಿಕೆಯನ್ನು ಮುಟ್ಟಿದೆಯೇ ಎಂಬುದು ಚಾಕು ಹಿಡಿಯುವ ಮೊದಲೇ ತಿಳಿಯುವಂತಾಯಿತು.

ಹೀಗಿದ್ದೂ ರೋಗಕ್ಕೆ ಹೆಸರು ಹೇಳುವುದು ಇಂದಿಗೂ ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ. ಕೂದಲಿಗಿಂತ ತೆಳುವಾದ ಎಳೆಗಳು ಸ್ಕ್ಯಾನಿಗೆ ಸಿಗವು. ಅವನ್ನು ಹಿಡಿಯಲು ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೊಯ್ಯುವ ಮೋಸ್ ಶಸ್ತ್ರಚಿಕಿತ್ಸೆಯಂಥ ವಿಧಾನ ಬೇಕು.

ಆದ್ದರಿಂದ, ನೋವಿಲ್ಲವೆಂದು ವರ್ಷಗಟ್ಟಲೆ ಬಿಟ್ಟ ಗಂಟು ಬೆಳೆಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಬಯಾಪ್ಸಿಯಲ್ಲಿ ಡಿ.ಎಫ್.ಎಸ್.ಪಿ. ಎಂದು ಬಂದರೆ, ಎಂ.ಆರ್.ಐ. ಅಗತ್ಯವೇ ಎಂದು ಮೊದಲ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೇಳಿ. ಇದನ್ನು ಬುಡಸಮೇತ ಕೀಳಲು ಅದೇ ಒಳ್ಳೆಯ ಅವಕಾಶ.